ಕಂದಾಯ ಏರಿಸಿ ಎಂಬ ಅರ್ಜಿ

2015ರ ಏಪ್ರಿಲ್ ಒಂದು, ಬುಧವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಒಡೆಟ್ ಲಾಫ್ಲಾಮ್ ಮೊಣಕಾಲುದ್ದದ ಹಿಮದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅರ್ಧ ಕಟ್ಟಿದ ಚೀಸ್ ಕಾರ್ಖಾನೆಯ ಮೂಲೆಗೆ ಟೇಪಿನ ಕೊಕ್ಕೆ ಸಿಕ್ಕಿಸುತ್ತಿದ್ದಳು. ಟೇಪಿನ ಸುರುಳಿ ಹಿಡಿದು ನೂರಡಿ ದೂರಕ್ಕೆ ನಡೆದಿದ್ದವನು ಹಾಲಿಸ್ ಕಾಬ್. ನಲವತ್ತು ಹಸುಗಳ ಹಾಲು ಕರೆದು, ಬೂಟಿಗೆ ಅಂಟಿದ ಸಗಣಿಯನ್ನೂ ತೊಳೆಯದೆ ಬಂದಿದ್ದ.

"ಬೇಗ ಬರ್ಕೊಳ್ಳೇ ಮಾರಾಯ್ತಿ. ನನ್ನ ಹಸುಗಳಿಗಾದ್ರೂ ಮೈಮೇಲೆ ಕೂದಲಿದೆ."

"ನಿನ್ನ ತಲೇಲಿ ಇಲ್ದಿದ್ರೆ ಅದು ಊರಿನ ತಪ್ಪಲ್ಲ. ಟೇಪು ಬಿಗಿಯಾಗಿ ಎಳಿ."

ಟಾರ್ಬೆಲ್ ಊರಿನಲ್ಲಿ ಇವರಿಬ್ಬರನ್ನೂ ಲಿಸ್ಟರ್ ಎನ್ನುತ್ತಾರೆ. ಊರಿನ ಮನೆ, ಕೊಟ್ಟಿಗೆ, ಅಂಗಡಿಗಳನ್ನೆಲ್ಲ ಅಳೆದು ಬೆಲೆ ಕಟ್ಟುವುದು ಲಿಸ್ಟರ್ ಕೆಲಸ. ಆ ಬೆಲೆಯ ಮೇಲೆ ಕಂದಾಯ. ಏಪ್ರಿಲ್ ಒಂದರಂದು ಏನು ನಿಂತಿದೆಯೋ ಅದೇ ಆ ವರ್ಷದ ಸತ್ಯ. ಎರಡನೇ ತಾರೀಖು ಕೊಟ್ಟಿಗೆ ಸುಟ್ಟು ಬೂದಿಯಾದರೂ ಆ ವರ್ಷದ ಕಂದಾಯ ತಪ್ಪುವುದಿಲ್ಲ. ಮಾರ್ಚ್ ಮೂವತ್ತೊಂದಕ್ಕೆ ಸುಟ್ಟರೆ ತಪ್ಪುತ್ತದೆ. ಕಟ್ಟುತ್ತಿರುವ ಕಟ್ಟಡವಾದರೆ, ಕೆಲಸ ನೂರಕ್ಕೆ ಎಷ್ಟು ಮುಗಿದಿದೆ ಎಂದು ಆ ಆಸ್ತಿಯ ಕಾರ್ಡಿನಲ್ಲಿ ಪೆನ್ಸಿಲಿನಿಂದ ಬರೆಯಬೇಕು.

ಕಾರ್ಖಾನೆಯ ಹೆಸರು ನಾರ್ತ್ ಲ್ಯಾಂಟರ್ನ್. ಹೆದ್ದಾರಿಯ ಕಡೆಗೆ ಹಸಿರು ತಗಡಿನ ಗೋಡೆ, ಅದರ ಮೇಲೆ ಆಳೆತ್ತರದ ಲಾಂದ್ರದ ಚಿತ್ರ. ಸುತ್ತಿ ಹಿಂದಕ್ಕೆ ಹೋದರೆ ಗೋಡೆಯಿಲ್ಲ. ಕಬ್ಬಿಣದ ಪಕ್ಕೆಲುಬುಗಳ ನಡುವೆ ಹಿಮ ಒಳಗೆ ಬಂದು ಗುಡ್ಡೆಯಾಗಿ ಕೂತಿತ್ತು. ಉದ್ದ ಇನ್ನೂರ ನಲವತ್ತು ಅಡಿ, ಅಗಲ ನೂರ ಇಪ್ಪತ್ತು. ಅಡಿಪಾಯ ಇದೆ, ಕಾಂಕ್ರೀಟ್ ನೆಲ ಇದೆ, ಕಬ್ಬಿಣದ ಚೌಕಟ್ಟು ಇದೆ, ಅರ್ಧ ಚಾವಣಿ ಇದೆ. ಕೊಳವೆ ಇಲ್ಲ, ತಂತಿ ಇಲ್ಲ, ಯಂತ್ರ ಇಲ್ಲ. ಒಡೆಟ್ ಯಾವ ಕೆಲಸಕ್ಕೆ ನೂರಕ್ಕೆ ಎಷ್ಟು ಎಂಬ ಕೋಷ್ಟಕ ನೋಡಿ ಎರಡು ಸಲ ಕೂಡಿದಳು. ಎರಡು ಸಲವೂ ಇಪ್ಪತ್ತೆರಡು ಬಂತು. ಬರೆದುಕೊಂಡಳು.

ಅವಳಿಗೆ ಆಗ ಅರವತ್ತಮೂರು ವರ್ಷ. ಅಪ್ಪ ಗಡಿಯಾಚೆಯ ಕ್ವಿಬೆಕ್ಕಿನಿಂದ ಮರ ಕಡಿಯಲು ಬಂದು ಇಲ್ಲೇ ನಿಂತವನು. ಶಾಲೆ ಮುಗಿಸಿ ಅವಳು ಹಾಲಿನ ಸಹಕಾರ ಸಂಘದಲ್ಲಿ ಕೊಬ್ಬಿನಂಶ ಅಳೆಯುವ ಕೆಲಸಕ್ಕೆ ಸೇರಿದಳು. ಯಾವ ರೈತ ಹಾಲಿಗೆ ನೀರು ಬೆರೆಸುತ್ತಾನೆಂದು ಗಾಜಿನ ಕೊಳವೆಯಲ್ಲಿ ನೋಡಿ ತಿಳಿಯುವುದು, ತಿಳಿದದ್ದನ್ನು ಅವನ ಹೆಂಡತಿಯೆದುರು ಹೇಳದಿರುವುದು, ಎರಡನ್ನೂ ಅಲ್ಲೇ ಕಲಿತಳು. 1984ರಲ್ಲಿ ಹಳೆಯ ಲಿಸ್ಟರ್ ತೀರಿಕೊಂಡಾಗ, ಮಾರ್ಚಿನ ಊರಸಭೆಯಲ್ಲಿ ಯಾರೋ ಅವಳ ಹೆಸರು ಕೂಗಿದರು. ಬೇಡ ಎನ್ನುವಷ್ಟರಲ್ಲಿ ಕೈಗಳು ಎದ್ದಿದ್ದವು. ಮೂವತ್ತೊಂದು ವರ್ಷ ಆ ಕೈಗಳು ಇಳಿಯಲಿಲ್ಲ.

ಮೊದಲ ವರ್ಷವೇ ಅವಳು ಬೆಲೆ ಏರಿಸಿದ್ದು ತನ್ನ ಸ್ವಂತ ಮನೆಗೆ. ಹಿಂದಿನ ಬೇಸಿಗೆಯಲ್ಲಿ ಗಂಡ ರೋಜೇರ್ ಒಂದು ಬಚ್ಚಲುಮನೆ ಕಟ್ಟಿಸಿದ್ದ. "ಬೇರೆಯವರ ಮನೇಲಿ ಕಳ್ಳ ಒಳಗಿರ್ತಾನೆ ಅಂತ ಹೆದರ್ತಾರೆ, ನನ್ನ ಮನೇಲಿ ಪೊಲೀಸೇ ಒಳಗಿದ್ದಾಳೆ" ಎಂದು ಅವನು ಸಾಯುವತನಕ ಹೇಳಿಕೊಂಡು ನಗುತ್ತಿದ್ದ. ಆಮೇಲಿನ ಸರದಿ ತಂಗಿಯ ಗಾಜಿನ ಜಗಲಿ. ಎರಡು ಕ್ರಿಸ್‌ಮಸ್ ಕಾಲ ತಂಗಿಯ ಮನೆಯಿಂದ ಮಾಂಸದ ಪೈ ಬರಲಿಲ್ಲ. ಮೂರನೇ ವರ್ಷ ಬಂತು, ಉಪ್ಪು ಜಾಸ್ತಿ ಹಾಕಿಕೊಂಡು. ಒಡೆಟ್ ಪೂರ್ತಿ ತಿಂದಳು.

ಇಳಿಸುವುದೂ ಅವಳಿಗೆ ಗೊತ್ತಿತ್ತು. ಒಂಟಿ ಮುದುಕಿಯೊಬ್ಬಳು ಕಂದಾಯಕ್ಕೆ ಕಷ್ಟಪಡುತ್ತಿದ್ದಾಳೆಂದು ಕಿವಿಗೆ ಬಿದ್ದರೆ, ಟಾರ್ಚು ಹಿಡಿದು ಆ ಮನೆಯ ನೆಲಮಾಳಿಗೆಗೆ ಇಳಿದು, ತೊಲೆಗೆ ಗೆದ್ದಲು ಹಿಡಿದಿದೆಯೇ, ಗೋಡೆ ಬಿರಿದಿದೆಯೇ ಎಂದು ಅರ್ಧ ದಿನ ಹುಡುಕುತ್ತಿದ್ದಳು. ಸಿಕ್ಕರೆ ಸಂತೋಷದಿಂದ ಇಳಿಸುತ್ತಿದ್ದಳು. ಸಿಗದಿದ್ದರೆ ಇಳಿಸುತ್ತಿರಲಿಲ್ಲ, ಆ ಮನೆಗೆ ಒಂದು ಹೊರೆ ಸೌದೆ ಕಳಿಸುತ್ತಿದ್ದಳು.

ರೋಜೇರ್ ಹೋದ ಮೇಲೆ ಮಾಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದಳು. ಅಲ್ಲಿದ್ದವರು ಬ್ರೆಜಿಲಿನ ವಾಲ್ಡಿರ್ ಫಾಗುಂಡೆಸ್ ಮತ್ತು ಅವನ ಹೆಂಡತಿ ಸೆಲ್ಮಾ. ವಾಲ್ಡಿರ್ ಇಪ್ಪತ್ತಾರು ವರ್ಷ ದಂತವೈದ್ಯನಾಗಿದ್ದವನು. ಅಲ್ಲಿಯ ಸನ್ನದು ಇಲ್ಲಿ ನಡೆಯುವುದಿಲ್ಲವಾದ್ದರಿಂದ ಟಾರ್ಬೆಲ್ ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ಆದರೆ ಅಭ್ಯಾಸ ಬಿಟ್ಟೀತೇ? ಎದುರು ನಿಂತವನ ಕಣ್ಣು ನೋಡುವ ಮೊದಲು ಹಲ್ಲು ನೋಡುತ್ತಿದ್ದ. "ಹಾಲಿಸ್, ನಿಮ್ಮ ಎಡಗಡೆ ಕೆಳಗಿನ ದವಡೆಹಲ್ಲು ಇನ್ನು ಆರು ತಿಂಗಳು" ಎಂದು ಅಂಚೆ ಕಚೇರಿಯಲ್ಲಿ ಎಲ್ಲರೆದುರು ಹೇಳಿದ್ದ. ಹಲ್ಲು ಐದನೇ ತಿಂಗಳಿಗೇ ಕೈಕೊಟ್ಟಿತು. ಅಂದಿನಿಂದ ಊರಿಗೆಲ್ಲ ಅವನು ಡಾಕ್ಟರ್.

ಅವನು ಟಾರ್ಬೆಲ್‌ಗೆ ಬಂದದ್ದೇ ಆ ಕಾರ್ಖಾನೆಯ ದೆಸೆಯಿಂದ. ಸರ್ಕಾರದ ಯೋಜನೆ ಹೇಳಲಿಕ್ಕೆ ಸರಳವಾಗಿತ್ತು: ಹೊರದೇಶದವನು ಹಿಂದುಳಿದ ಊರಿನ ಉದ್ಯಮಕ್ಕೆ ಐದು ಲಕ್ಷ ಡಾಲರ್ ಹಾಕಬೇಕು, ಆ ಹಣದಿಂದ ಹತ್ತು ಜನಕ್ಕೆ ಕೆಲಸ ಹುಟ್ಟಬೇಕು. ಮೊದಲು ಈ ದೇಶದಲ್ಲಿ ಎರಡು ವರ್ಷ ನೆಲೆಸಲು ಕಾರ್ಡು. ಕೆಲಸ ಹುಟ್ಟಿದೆಯೆಂದು ತೋರಿಸಿದರೆ ಕಾಯಂ ಕಾರ್ಡು. ವಾಲ್ಡಿರ್ ತನ್ನ ಆಸ್ಪತ್ರೆ ಮಾರಿದ. ಬೇರೆ ಯೋಜನೆಗಳೂ ಇದ್ದವು, ಹೋಟೆಲು, ಹಿಮದ ಮೇಲೆ ಜಾರಾಡುವ ಬೆಟ್ಟ. ಅವನು ಚೀಸನ್ನೇ ಆರಿಸಿಕೊಂಡ, ಏಕೆಂದರೆ ಅವನ ಅಜ್ಜ ಚೀಸ್ ಮಾಡುತ್ತಿದ್ದವನು. ಕಂಪನಿಯ ಪುಸ್ತಿಕೆಯ ಮೇಲೆ ರಾಜ್ಯ ಸರ್ಕಾರದ ಮುದ್ರೆ ಇತ್ತು. ಯೋಜನೆಯನ್ನು ಹೊರದೇಶಗಳಲ್ಲಿ ಹಾಡಿಹೊಗಳಿ ಮಾರುವ ಕಚೇರಿ ಯಾವುದೋ, ಹಣ ಸರಿಯಾಗಿ ಖರ್ಚಾಗುತ್ತಿದೆಯೇ ಎಂದು ನೋಡುವ ಕಚೇರಿಯೂ ಅದೇ. ಹೆಣ್ಣು ತೋರಿಸುವ ದಲ್ಲಾಳಿಯೇ ಜಾತಕವನ್ನೂ ನೋಡಿದ ಹಾಗೆ.

ಕಾಯಂ ಕಾರ್ಡಿಗೆ ವಾಲ್ಡಿರ್ ಅರ್ಜಿ ಹಾಕಬೇಕಾದದ್ದು ಆ ಸೆಪ್ಟೆಂಬರಿನಲ್ಲಿ. ಕಾರ್ಖಾನೆಯ ಒಳಗೆ ಅವನನ್ನು ಒಂದು ಸಲವೂ ಬಿಟ್ಟಿರಲಿಲ್ಲ. ಸುರಕ್ಷತೆಯ ಕಾರಣ ಎನ್ನುತ್ತಿದ್ದರು.

ಮೇ ತಿಂಗಳ ಎರಡನೇ ವಾರ ಲಿಸ್ಟರುಗಳ ಪಾಲಿಗೆ ತಕರಾರಿನ ವಾರ. ಕಟ್ಟಿದ ಬೆಲೆ ಒಪ್ಪದವರು ಊರ ಕಚೇರಿಗೆ ಬಂದು ಹೇಳಿಕೊಳ್ಳಬಹುದು. ಒಡೆಟ್ ಮೇಜಿನ ಮೇಲೆ ಡೋನಟ್ಟಿನ ತಟ್ಟೆ ಇಡುತ್ತಿದ್ದಳು. ಬಾಯಿ ತುಂಬಿರುವವನು ಕೂಗಾಡಲಾರ ಎಂಬುದು ಅವಳ ಅನುಭವ. ಒಬ್ಬ ಸೋರುವ ಚಾವಣಿಯ ಫೋಟೋ ತಂದ, ಇನ್ನೊಬ್ಬಳು ಬಾಟಲಿಯಲ್ಲಿ ಬಾವಿಯ ಕೆಂಪು ನೀರನ್ನೇ ತಂದಳು. ಎಲ್ಲರ ಹಾಡೂ ಒಂದೇ: ಇಳಿಸಿ.

ಬುಧವಾರ ಹನ್ನೊಂದು ಗಂಟೆಗೆ ನಾರ್ತ್ ಲ್ಯಾಂಟರ್ನಿನ ಮುಖ್ಯಸ್ಥ ಬ್ರಾಡ್ ವಿಟ್‌ಕಾಂಬ್ ಬಂದ. ಗರಿಗರಿ ಅಂಗಿ, ಬಗಲಲ್ಲಿ ಚರ್ಮದ ಕಡತ.

"ನೀವೂ ಬಂದ್ರಾ ಬ್ರಾಡ್?" ಎಂದ ಹಾಲಿಸ್. "ಎಷ್ಟು ಇಳಿಸ್ಬೇಕು ಹೇಳಿಬಿಡಿ, ಊಟದ ಹೊತ್ತಾಯ್ತು."

"ಇಳಿಸೋದಲ್ಲ. ಏರಿಸ್ಬೇಕು." ಅವನು ಕಡತದಿಂದ ಸಹಿ ಹಾಕಿದ ಅರ್ಜಿ ತೆಗೆದು ಮೇಜಿನ ಮೇಲಿಟ್ಟ.

ಹಾಲಿಸ್‌ನ ಡೋನಟ್ ಬಾಯಿಯ ಹತ್ತಿರವೇ ನಿಂತಿತು.

"ನಿಮ್ಮ ಕಾರ್ಡಲ್ಲಿ ಇಪ್ಪತ್ತೆರಡು ಅಂತ ಬರ್ದಿದ್ದೀರಿ," ಎಂದ ವಿಟ್‌ಕಾಂಬ್. "ರಾಜ್ಯ ಸರ್ಕಾರಕ್ಕೆ ನಾವು ಕೊಟ್ಟ ವರದೀಲಿ ಎಂಬತ್ತೈದು ಅಂತಿದೆ. ಹೊಸ ಹೂಡಿಕೆದಾರರು ಊರಿನ ದಾಖಲೇನೂ ತೋರ್ಸಿ ಅಂತಿದ್ದಾರೆ. ಎರಡು ಕಾಗದ ಹೊಂದ್ಬೇಕಲ್ವಾ ಮೇಡಂ?"

"ಹೊಂದ್ಬೇಕು," ಎಂದಳು ಒಡೆಟ್. "ಯಾವುದು ಯಾವುದಕ್ಕೆ ಹೊಂದ್ಬೇಕು ಅನ್ನೋದೊಂದೇ ಪ್ರಶ್ನೆ."

"ಎಂಬತ್ತೈದರ ಮೇಲಿನ ಕಂದಾಯಾನ ನಾವು ಸಂತೋಷವಾಗಿ ಕಟ್ತೀವಿ. ಊರಿಗೂ ಒಳ್ಳೇದು."

"ಸಂತೋಷವಾಗಿ," ಎಂದು ಒಡೆಟ್ ಆ ಮಾತನ್ನು ಇನ್ನೊಮ್ಮೆ ಹೇಳಿದಳು, ಬಾಟಲಿಯ ಕೆಂಪು ನೀರನ್ನು ಬೆಳಕಿಗೆ ಹಿಡಿದು ನೋಡಿದಂತೆ. "ಸರಿ. ಏಳು ದಿನದೊಳಗೆ ಬರವಣಿಗೇಲಿ ತೀರ್ಮಾನ ಬರುತ್ತೆ. ಅದಕ್ಕೆ ಮುಂಚೆ ಇನ್ನೊಂದ್ಸಲ ಬಂದು ನೋಡ್ತೀವಿ. ಡೋನಟ್ ತಗೊಳ್ಳಿ."

ಅವನು ಹೋದ ಮೇಲೆ ಹಾಲಿಸ್ ತಲೆ ಕೆರೆದುಕೊಂಡ. "ಮೂವತ್ತೊಂದು ವರ್ಷದಲ್ಲಿ ಯಾರಾದ್ರೂ ಏರಿಸಿ ಅಂದಿದ್ರೇನೇ?"

"ಇಲ್ಲ."

"ನೋಡು, ನನಗೂ ಆಸೆ ಇದೆ. ಆ ಕಾರ್ಖಾನೆ ಎದ್ರೆ ನನ್ನ ಹಾಲು ಎರಡು ಮೈಲಿ ಹೋದ್ರೆ ಸಾಕು. ಈಗ ತೊಂಬತ್ತು ಮೈಲಿ ಹೋಗುತ್ತೆ. ಸುಳ್ಳು ಯಾಕೆ ಹೇಳ್ಲಿ."

"ಎದ್ರೆ," ಎಂದಳು ಒಡೆಟ್.

ಮಧ್ಯಾಹ್ನ ಅವಳು ಯೋಜನೆಯನ್ನು ನೋಡಿಕೊಳ್ಳುವ ರಾಜಧಾನಿಯ ಆ ಕಚೇರಿಗೆ ಫೋನು ಮಾಡಿದಳು. ಎತ್ತಿದವನ ದನಿ ತುಂಬ ಸೌಮ್ಯವಾಗಿತ್ತು.

"ಮೂರು ತಿಂಗಳಿಗೊಂದು ವರದಿ ಬರುತ್ತೆ ಮೇಡಂ."

"ಯಾರು ಕಳಿಸ್ತಾರೆ?"

"ಕಂಪನಿಯವರೇ."

"ಅದನ್ನ ಯಾರು ಪರೀಕ್ಷೆ ಮಾಡ್ತಾರೆ?"

"ನಾವು. ಕಾಲಮ್ಮು ಎಲ್ಲಾ ತುಂಬಿದ್ಯಾ ಅಂತ ನೋಡ್ತೀವಿ."

"ನಿಮ್ಮಲ್ಲಿಂದ ಟಾರ್ಬೆಲ್‌ಗೆ ಕಾರಲ್ಲಿ ಎಷ್ಟು ಹೊತ್ತು?"

"ಒಂದೂವರೆ ಗಂಟೆ ಆಗ್ಬಹುದು."

"ಬನ್ನಿ, ಕಾಫಿ ಕೊಡ್ತೀನಿ. ಹಿಂದಿನ ಗೋಡೆ ತೋರಿಸ್ತೀನಿ, ಅಂದ್ರೆ ಅದು ಇರಬೇಕಾದ ಜಾಗ."

ಅವನು ನಕ್ಕ. ಶರತ್ಕಾಲದಲ್ಲಿ ಒಂದು ಭೇಟಿಯ ಯೋಚನೆ ಇದೆ ಎಂದ.

ಆಮೇಲಿನ ಎರಡು ದಿನ ಒಡೆಟ್ ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸ ಮಾಡಿದಳು. ಕಾರ್ಡುಗಳು ಊರ ಕಚೇರಿ ಬಿಟ್ಟು ಹೊರಗೆ ಹೋಗಬಾರದೆಂದು ನಿಯಮ. ಅವಳು ನಾರ್ತ್ ಲ್ಯಾಂಟರ್ನಿನ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು. ಊಟದ ಮೇಜಿನ ಮೇಲೆ ಅದನ್ನಿಟ್ಟು, ಪಕ್ಕದಲ್ಲಿ ಪೆನ್ಸಿಲ್ ಮತ್ತು ರಬ್ಬರ್ ಇಟ್ಟು ಕೂತಳು. ಮೇಲಿನಿಂದ ಸೆಲ್ಮಾಳ ಹೆಜ್ಜೆ ಕೇಳುತ್ತಿತ್ತು, ಒಲೆಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ. ಎಂಬತ್ತೈದು ಎಂದು ಬರೆದರೆ ಕೆಡುವುದು ಒಂದು ಕಾರ್ಡು. ಹೇಗೂ ಕಂದಾಯ ಕಟ್ಟುತ್ತೇನೆ ಎನ್ನುತ್ತಿದ್ದಾನೆ. ಮೇಲಿನವರಿಬ್ಬರು ಉಳಿಯುತ್ತಾರೆ. ಅವಳು ರಬ್ಬರನ್ನು ಕೈಗೆತ್ತಿಕೊಂಡದ್ದೂ ಉಂಟು. ಆಮೇಲೆ ವಿಟ್‌ಕಾಂಬ್ ಹೇಳಿದ ಹೊಸ ಹೂಡಿಕೆದಾರರು ನೆನಪಾಗುತ್ತಿದ್ದರು: ಎಲ್ಲೋ ದೂರದಲ್ಲಿ ಇನ್ಯಾರೋ ತಮ್ಮ ಆಸ್ಪತ್ರೆಯನ್ನೋ ಅಂಗಡಿಯನ್ನೋ ಮಾರಲು, ಅವಳ ಕೈಬರಹಕ್ಕಾಗಿ ಕಾಯುತ್ತಿರುವವರು.

ಭಾನುವಾರ ಮಧ್ಯಾಹ್ನ ವಾಲ್ಡಿರ್ ಎಂದಿನಂತೆ ಚೀಸ್ ಹಾಕಿ ಸುಟ್ಟ ಬಿಸಿ ಉಂಡೆಗಳ ಬುಟ್ಟಿ ಹಿಡಿದು ಕೆಳಗಿಳಿದು ಬಂದ, ಹಿಂದೆ ಸೆಲ್ಮಾ. ಒಡೆಟ್‌ಳನ್ನು ಅವನು ತನ್ನ ಭಾಷೆಯಲ್ಲಿ ಗೌರವದಿಂದ ದೋನಾ ಎನ್ನುತ್ತಿದ್ದ.

"ದೋನಾ ಒಡೆಟ್, ಇವತ್ತು ಉಪ್ಪು ಸರಿಯಾಗಿದೆ. ನಿಮ್ಮ ತಂಗಿಗೆ ಹೇಳಿ."

"ಕೂತ್ಕೊಳ್ಳಿ ಡಾಕ್ಟರ್. ಸೆಲ್ಮಾ, ನೀನೂ ಬಾ." ಅವಳು ಕಾರ್ಡನ್ನೂ ವಿಟ್‌ಕಾಂಬನ ಅರ್ಜಿಯನ್ನೂ ಮುಂದಿಟ್ಟಳು. "ಇವೆರಡೂ ಊರಿನ ಕಾಗದ, ಯಾರು ಬೇಕಾದ್ರೂ ಓದಬಹುದು. ಓದಿ."

ಅವನು ಓದಿದ. ಇನ್ನೊಮ್ಮೆ ಓದಿದ.

"ಎಂಬತ್ತೈದು ಅಂತ ಬರೆದ್ರೆ ನನ್ನ ಕಾರ್ಡು?"

"ಅರ್ಜಿ ಜೊತೆ ಲಗತ್ತಿಸ್ಬಹುದು. ಇಷ್ಟು ಕಟ್ಟಿದ್ರೆ ಕೆಲಸ ಹುಟ್ಟಿದೆ ಅಂತಲೇ ಲೆಕ್ಕ. ಊರಿನ ದಾಖಲೆ. ಅದರ ಮೇಲೆ ಯಾರೂ ಮಾತಾಡಲ್ಲ."

"ಇಪ್ಪತ್ತೆರಡು ಅಂತಾನೇ ಇದ್ರೆ?"

"ನನಗೆ ಗೊತ್ತಿಲ್ಲ ಡಾಕ್ಟರ್. ಹಣಾನೂ ಹೋಗ್ಬಹುದು, ಕಾರ್ಡೂ ಹೋಗ್ಬಹುದು."

ಸೆಲ್ಮಾ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಅವನು ಅದನ್ನು ಒಡೆಟ್‌ಗೆ ತಿಳಿಸಿ ಹೇಳಲಿಲ್ಲ. ಉಂಡೆಗಳ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಕೇಳಿದ: "ನೆಲದಲ್ಲಿ ತೂಬು ಎಷ್ಟಿದೆ?"

"ಏನು?"

"ನೀರು ಹೋಗೋ ತೂಬು. ಚೀಸ್ ಮಾಡೋ ಮನೇಲಿ ದಿನಾ ನೆಲ ತೊಳೀಬೇಕು, ಹಾಲೊಡೆದ ನೀರು ಹೊಳೆ ಥರ ಹರಿಯುತ್ತೆ. ನಮ್ಮಜ್ಜ ಮೊದಲು ತೂಬು ಇಟ್ಟ, ಆಮೇಲೆ ಗೋಡೆ ಕಟ್ಟಿದ. ಕಾಂಕ್ರೀಟ್ ಹಾಕಿದ ಮೇಲೆ ಇಡಕ್ಕಾಗಲ್ಲ."

ಒಡೆಟ್ ಕಾರ್ಡನ್ನು ಹತ್ತಿರ ಎಳೆದುಕೊಂಡು ಅದರ ಹಿಂಬದಿಗೆ ತಾನು ಬರೆದಿದ್ದ ನಕಾಶೆ ನೋಡಿದಳು. ಕಂಬಗಳೆಲ್ಲ ಇದ್ದವು, ಬಾಗಿಲಿನ ಜಾಗಗಳಿದ್ದವು. ಹತ್ತೊಂಬತ್ತು ವರ್ಷ ಹಾಲಿನ ಸಂಘದಲ್ಲಿ ರಬ್ಬರ್ ಬೂಟು ಹಾಕಿ ನಿಂತವಳು ತಾನು, ಇದನ್ನು ಕೇಳಿಕೊಳ್ಳಲೇ ಇಲ್ಲವಲ್ಲ ಎಂದು ಅವಳ ಕಿವಿ ಕೆಂಪಾಯಿತು. "ಇಲ್ಲ," ಎಂದಳು. "ನಾನು ಗುರುತು ಹಾಕಿಲ್ಲ. ಹಿಮದ ಅಡಿ ಇದ್ದಿದ್ರೆ ಗೊತ್ತಿಲ್ಲ."

"ಹಾಗಾದ್ರೆ ನೋಡೋಣ," ಎಂದು ವಾಲ್ಡಿರ್ ಎದ್ದ. ಬಾಗಿಲ ಹತ್ತಿರ ನಿಂತು ತಿರುಗಿದ. "ಮಗಳ ಮದುವೆ ಇದೆ ಡಾಕ್ಟ್ರೇ, ಹುಳುಕಿನ ಮೇಲೇ ಸಿಮೆಂಟ್ ತುಂಬಿಬಿಡಿ ಅಂತ ಬರೋರು ನನ್ನ ಹತ್ರ. ನಾನು ತುಂಬ್ತಿರಲಿಲ್ಲ. ತುಂಬಿದ್ರೆ ಮದುವೆ ದಿನಾನೇ ಬಾವು ಬರುತ್ತೆ." ಮತ್ತೆ, ಸಣ್ಣ ದನಿಯಲ್ಲಿ: "ನನಗೆ ಹೆದರಿಕೆ ಇಲ್ಲ ಅಂತ ಅಲ್ಲ, ದೋನಾ ಒಡೆಟ್."

ಸೋಮವಾರ ಹತ್ತು ಗಂಟೆಗೆ ಲಿಸ್ಟರುಗಳ ಮರುಭೇಟಿ. ಒಡೆಟ್ ಜೊತೆ ಹಾಲಿಸ್ ಬಂದ, ಅವನ ಹಾಲಿನ ಮನೆಯ ಎರಡು ಬಕೆಟ್ ನೀರು ಬಂತು, ಬಕೆಟ್ ಹೊರಲು ವಾಲ್ಡಿರ್ ಬಂದ. ಕಾವಲಿನವನು ಅಡ್ಡ ನಿಂತ.

"ಲಿಸ್ಟರ್ ಮಾತ್ರ ಒಳಗೆ. ಇವರು ಯಾರು?"

"ನನ್ನ ಸಹಾಯಕ," ಎಂದಳು ಒಡೆಟ್. "ಬಕೆಟ್ ನಾನು ಹೊರ್ಬೇಕಾ? ನನ್ನ ಸೊಂಟ ನೋಡಿದ್ದೀಯಾ?"

ಹಿಮ ಕರಗಿ ನೆಲ ಒಣಗಿತ್ತು. ಮೂವರೂ ಸಾಲು ಹಿಡಿದು, ನಡುವೆ ಹತ್ತಡಿ ಅಂತರ ಬಿಟ್ಟು, ಇಡೀ ನೆಲವನ್ನು ಗದ್ದೆ ಹಾಯುವಂತೆ ಹಾಯ್ದರು. ಒಂದೂ ತೂಬು ಇಲ್ಲ. ಕೊನೆಗೆ ಒಡೆಟ್ ನಡುಮಧ್ಯೆ ಎರಡು ಬಕೆಟ್ಟನ್ನೂ ಸುರಿಸಿ ಗಡಿಯಾರ ನೋಡಿದಳು. ನೀರು ತಟ್ಟೆಯಗಲ ಹರಡಿತು, ಚಾಪೆಯಗಲ ಹರಡಿತು, ನಿಂತಿತು. ಇಪ್ಪತ್ತು ನಿಮಿಷವಾದರೂ ಅಲ್ಲೇ ಇತ್ತು. ನೆಲಕ್ಕೆ ಇಳಿಜಾರೂ ಇರಲಿಲ್ಲ.

"ನಮ್ಮಜ್ಜ ಇಲ್ಲಿ ಚೀಸ್ ಮಾಡ್ತಿರಲಿಲ್ಲ," ಎಂದ ವಾಲ್ಡಿರ್, "ಈಜು ಕಲೀತಿದ್ದ."

ಹಾಲಿಸ್ ನಗಲು ಹೋಗಿ ನಿಲ್ಲಿಸಿದ. ಡಾಕ್ಟರ್ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಹಾಲಿಸ್ ತನ್ನ ಸಗಣಿ ಮೆತ್ತಿದ ಕೈಗವಸು ತೆಗೆದು ಅವನ ಹೆಗಲ ಮೇಲೆ ಕೈಯಿಟ್ಟು, "ಬಾ ಮಾರಾಯ, ಬಕೆಟ್ ನಾನು ಹೊರ್ತೀನಿ" ಎಂದ.

ತೀರ್ಮಾನದ ಪತ್ರ ಮೂರು ವಾಕ್ಯದ್ದು. ಏರಿಸಬೇಕೆಂಬ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಏಪ್ರಿಲ್ ಒಂದರಂದು ಮುಗಿದ ಕೆಲಸ ನೂರಕ್ಕೆ ಇಪ್ಪತ್ತೆರಡು. ಈ ನೆಲದಲ್ಲಿ ತೂಬು ಇಲ್ಲದ್ದರಿಂದ, ಇದನ್ನು ಚೀಸ್ ಕಾರ್ಖಾನೆ ಎಂದಿದ್ದದ್ದನ್ನು ತಿದ್ದಿ ಉಗ್ರಾಣ ಎಂದು ದಾಖಲಿಸಲಾಗಿದೆ. ಒಂದು ಪ್ರತಿ ವಿಟ್‌ಕಾಂಬನಿಗೆ, ಒಂದು ರಾಜಧಾನಿಯ ಸೌಮ್ಯ ದನಿಯವನಿಗೆ, ಒಂದು ಹೂಡಿಕೆ ವಂಚನೆ ತನಿಖೆ ಮಾಡುವ ಕೇಂದ್ರ ಸರ್ಕಾರದ ಕಚೇರಿಗೆ, ರಿಜಿಸ್ಟರ್ ಅಂಚೆಯಲ್ಲಿ. ಮೊದಲ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಒಂಬತ್ತನೇ ದಿನ ಫೋನು ಬಂತು. ಏರಿಸಿ ಎಂದು ಬರೆದುಕೊಟ್ಟ ಅರ್ಜಿಯ ಮೂಲಪ್ರತಿ ನಿಮ್ಮಲ್ಲಿದೆಯೇ ಎಂದು ಅವರು ಎರಡು ಸಲ ಕೇಳಿದರು.

ಜುಲೈನಲ್ಲಿ ಕೇಂದ್ರದ ನ್ಯಾಯಾಲಯದಲ್ಲಿ ವಿಚಾರಣೆ. ಹೂಡಿಕೆದಾರರ ಹಣ ಕಂಪನಿಯ ಖಾತೆಗಳಿಂದ ಸ್ವಲ್ಪಸ್ವಲ್ಪವಾಗಿ ಬೇರೆಡೆಗೆ ಜಾರುತ್ತಿತ್ತು. ಉಳಿದದ್ದಕ್ಕೆ ಬೀಗ ಹಾಕಬೇಕೋ ಬೇಡವೋ ಎಂಬುದು ಅಂದಿನ ಪ್ರಶ್ನೆ. ಒಡೆಟ್ ಚರ್ಚಿಗೆ ಹೋಗುವ ನೀಲಿ ಕೋಟು ಹಾಕಿಕೊಂಡು ಸಾಕ್ಷಿಕಟ್ಟೆ ಹತ್ತಿದಳು. ವಾಲ್ಡಿರ್ ಮತ್ತು ಸೆಲ್ಮಾ ಹಿಂದಿನ ಬೆಂಚಿನಲ್ಲಿದ್ದರು. ಆ ಸಂಜೆಯೊಳಗೆ ನ್ಯಾಯಾಧೀಶರು ಬೀಗ ಹಾಕಿಸಿದರು. ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ವಾಲ್ಡಿರ್‌ಗೆ ಮರಳಿತು. ಕಾಯಂ ಕಾರ್ಡು ಬರಲು ಏಳು ವರ್ಷ ಹಿಡಿಯಿತು, ಅಷ್ಟರಲ್ಲಿ ಅವನು ಇಲ್ಲಿಯ ಪರೀಕ್ಷೆಯನ್ನೂ ಪಾಸು ಮಾಡಿದ್ದ. ಈಗ ಅವನ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದವರಿಗೆಲ್ಲ ಅವನು ಹೇಳುವುದು ಬೀಗದ ಕತೆಯನ್ನಲ್ಲ, ಅದಕ್ಕೆ ಅರ್ಧ ಗಂಟೆ ಮುಂಚೆ ನಡೆದ ಮಾತುಕತೆಯನ್ನು.

ಕಂಪನಿಯ ವಕೀಲ ಎದ್ದು ನಿಂತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ.

"ಶ್ರೀಮತಿ ಲಾಫ್ಲಾಮ್, ನೀವು ಎಂಜಿನಿಯರಾ?"

"ಅಲ್ಲ."

"ನಿಮ್ಮ ಹತ್ರ ಇದ್ದದ್ದು ಒಂದು ಟೇಪು."

"ನೂರಡಿದು. ಉಕ್ಕಿಂದು."

"ಆ ಟೇಪು ತಪ್ಪೇ ಹೇಳಲ್ವಾ?"

"ಹೇಳುತ್ತೆ. ಅವತ್ತು ಬೆಳಿಗ್ಗೆ ನೀರು ಹೆಪ್ಪುಗಟ್ಟೋ ಮಟ್ಟಕ್ಕಿಂತ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಕೆಳಗಿತ್ತು. ಚಳಿಗೆ ಉಕ್ಕು ಕುಗ್ಗುತ್ತೆ. ಕುಗ್ಗಿದ ಟೇಪು ಕಟ್ಟಡಾನ ಇರೋದಕ್ಕಿಂತ ದೊಡ್ಡದು ಮಾಡಿ ತೋರಿಸುತ್ತೆ. ತಪ್ಪಾಗಿರೋದು ನಿಮ್ಮ ಪರವಾಗೇ ಸ್ವಾಮಿ."

ನ್ಯಾಯಾಧೀಶರು ಬರೆಯುತ್ತಿದ್ದ ಪೆನ್ನು ಎತ್ತಿ ಅವಳತ್ತ ನೋಡಿದರು. "ಎಷ್ಟು ತಪ್ಪು?"

ಒಡೆಟ್ ಅದನ್ನು ಹಿಂದಿನ ದಿನವೇ ಲೆಕ್ಕ ಮಾಡಿಟ್ಟುಕೊಂಡಿದ್ದಳು.

"ನೂರು ಅಡಿಗೆ," ಎಂದಳು, "ಇಂಚಿನ ಎಂಟರಲ್ಲಿ ಮೂರು ಭಾಗ."